ಮೇಲಟ್ಟದ ಕೂಗು

ಡಿಸೆಂಬರ್ ಬಂತೆಂದರೆ ತೊಕುಜಿಯ ಅಂಗಡಿಯಲ್ಲಿ ಎಲ್ಲರಿಗೂ ಕೈತುಂಬ ಕೆಲಸ, ಅವನೊಬ್ಬನನ್ನು ಬಿಟ್ಟು. ಕ್ಯೋಟೊದ ಜನ ಚಳಿಗಾಲದಲ್ಲಿ ಬಾಯಿ ಚಪ್ಪರಿಸಿ ತಿನ್ನುವ ಬಿಳಿ ಟರ್ನಿಪ್ ಗಡ್ಡೆಯ ಉಪ್ಪಿನಕಾಯಿ ಹದಕ್ಕೆ ಬರುವುದು ಆ ತಿಂಗಳಲ್ಲೇ. ಕಬುಕಿ ಎಂಬ ಹಳೆಯ ನಾಟಕದ ನಟರು ವರ್ಷಕ್ಕೊಮ್ಮೆ ಊರಿಗೆ ಮುಖ ತೋರಿಸುವ ಆಟಗಳು ನದಿಯ ಪಕ್ಕದ ರಂಗಮಂದಿರಕ್ಕೆ ಬರುವುದೂ ಆ ತಿಂಗಳಲ್ಲೇ. ಮದುವೆಯಾದ ಹೊಸತರಲ್ಲಿ ಹೆಂಡತಿ ಕಿನುಎ ಕೇಳಿದ್ದಳು, ನಿಮಗೆ ಗಡ್ಡೆ ಮುಖ್ಯವೋ ಆಟ ಮುಖ್ಯವೋ ಎಂದು. ತೊಕುಜಿ ಎರಡೂ ಎಂದಿದ್ದ. ಹಾಗಾದರೆ ಗಡ್ಡೆ ನನ್ನ ಪಾಲಿಗೆ ಬಂತು ಎಂದು ಆಕೆ ತಿಳಿದುಕೊಂಡಳು. ಅಂದಿನಿಂದ ಡಿಸೆಂಬರಿನ ಮಧ್ಯಾಹ್ನಗಳಲ್ಲಿ ಗಲ್ಲಾದ ಮುಂದೆ ಕೂರುವವಳು ಅವಳೇ. ಈಗ ಗಡ್ಡೆ ಹೆಚ್ಚಲು ಮಗ ಕತ್ಸುಮಿಯೂ ಇದ್ದಾನೆ.

ತೊಕುಜಿ ಕೂಗುಗಾರ. ರಂಗಮಂದಿರದ ಮೇಲಟ್ಟದ ಕಟ್ಟಕಡೆಯ ಸಾಲಿನಲ್ಲಿ, ನೆಟ್ಟಗೆ ನಿಂತರೆ ತಲೆ ಛಾವಣಿಗೆ ತಾಗೀತೇನೋ ಎನ್ನುವಂಥ ಜಾಗದಲ್ಲಿ, ಅವನಂಥ ಕೆಲವು ಮುದುಕರು ಕೂರುತ್ತಾರೆ. ಕೆಳಗೆ ನಟನೊಬ್ಬ ಕಣ್ಣರಳಿಸಿ, ಕಾಲು ಊರಿ, ನಿಲುವು ಕಟ್ಟಿ ಬೊಂಬೆಯಂತೆ ನಿಂತಾಗ ಅವನ ಮನೆತನದ ಹೆಸರನ್ನೋ, ಆ ಹೆಸರು ಹೊತ್ತವರಲ್ಲಿ ಅವನು ಎಷ್ಟನೇ ತಲೆಯವನೆಂಬುದನ್ನೋ ಅಲ್ಲಿಂದ ಕೂಗುತ್ತಾರೆ. ಕೂಗು ಒಂದೆಳೆ ಮೊದಲಾದರೆ ನಟನ ಕಾಲು ಜಗ್ಗಿದಂತೆ. ಒಂದೆಳೆ ತಡವಾದರೆ ಹೊರಟುಹೋದ ಬಸ್ಸಿಗೆ ಕೈ ತೋರಿಸಿದಂತೆ. ಇದಕ್ಕೆ ಸಂಬಳವಿಲ್ಲ. ಬಾಗಿಲಲ್ಲಿ ತೋರಿಸಿದರೆ ಒಳಗೆ ಬಿಡುವ ಪಾಸೊಂದು ಸಿಗುತ್ತದೆ, ಅಷ್ಟೇ. ಅದರ ಜೊತೆಗೆ ಒಂದು ಕಟ್ಟುಪಾಡೂ ಇದೆ. ಕೂಗುಗಾರ ನಟರ ಬಣ್ಣದ ಕೋಣೆಗೆ ಕಾಲಿಡಬಾರದು, ಅವರ ಕೈಯಿಂದ ಒಂದು ಬಟ್ಟಲು ಚಹಾವನ್ನೂ ಮುಟ್ಟಬಾರದು. ಚಹಾ ಕುಡಿದ ಮನೆಯ ಹೆಸರನ್ನು ಯಾರು ಬೇಕಾದರೂ ಗಟ್ಟಿಯಾಗಿ ಕೂಗಬಲ್ಲರು. ಅಂಥ ಕೂಗಿಗೆ ಬೆಲೆಯಿಲ್ಲ.

ಹಾಗಾಗಿ ತೊಕುಜಿ ತಾನು ಪ್ರಾಣದಂತೆ ಹಚ್ಚಿಕೊಂಡಿದ್ದ ನಟ ಹಿಸಾಜುರೊ ಅವರನ್ನು ಒಮ್ಮೆಯೂ ಮಾತಾಡಿಸಿದವನಲ್ಲ. ಇಸೊಯಾ ಮನೆತನದ ಆ ಹೆಸರು ಹೊತ್ತವರಲ್ಲಿ ಅವರು ನಾಲ್ಕನೆಯವರು. ತೊಕುಜಿ ಮೀಸೆ ಚಿಗುರುವ ವಯಸ್ಸಿನಲ್ಲಿ ಮೇಲಟ್ಟ ಹತ್ತಿದಾಗ ಅವರೂ ಎಳೆಯರೇ. ಇಬ್ಬರೂ ಜೊತೆಯಲ್ಲೇ ಮುದುಕರಾದರು, ಒಬ್ಬರು ಕೆಳಗೆ, ಒಬ್ಬ ಮೇಲೆ. ಹೋದ ವರ್ಷ ಚೆರ್ರಿ ಹೂವು ಉದುರುವ ಹೊತ್ತಿಗೆ ಅವರು ತೀರಿಕೊಂಡರು. ಸುದ್ದಿ ತಿಳಿದ ದಿನ ತೊಕುಜಿ ಅಂಗಡಿಯ ಹಿಂದಿನ ಬಾವಿಕಟ್ಟೆಯ ಮೇಲೆ ಕೂತವನು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ಸತ್ತರೆ ಇಷ್ಟು ಹೊತ್ತು ಕೂರ್ತೀರೋ ಇಲ್ಲವೋ ಎಂದು ಕಿನುಎ ಕೇಳಿದಾಗ, ಆಗ ಊಟಕ್ಕೆ ಕರೆಯುವವರು ಯಾರಿರ್ತಾರೆ ಎಂದಿದ್ದ.

ಈ ಡಿಸೆಂಬರಿನಲ್ಲಿ ಅವರ ಮಗ ತಂದೆಯ ಹೆಸರು ಹೊರುವವನಿದ್ದ. ಇಷ್ಟು ದಿನ ಕಿಯೊಮಾರು ಎನಿಸಿಕೊಂಡಿದ್ದವನು ಇನ್ನು ಮುಂದೆ ಐದನೆಯ ಹಿಸಾಜುರೊ. ರಂಗಮಂದಿರದ ಮುಂದೆ ನಟರ ಹೆಸರಿನ ಮರದ ಹಲಗೆಗಳನ್ನು ತೂಗುಹಾಕಿದ ಬೆಳಿಗ್ಗೆ ತೊಕುಜಿ ಸೇತುವೆ ದಾಟಿ ಹೋಗಿ ನೋಡಿ ಬಂದ. ಅದೇ ದಪ್ಪ ಅಕ್ಷರ, ಅದೇ ಹೆಸರು, ಹಲಗೆ ಮಾತ್ರ ಹೊಸದು. ನೋಡುತ್ತ ನಿಂತವನಿಗೆ ಯಾರೂ ಸತ್ತೇ ಇಲ್ಲವೆನ್ನಿಸಿ ಮನಸ್ಸು ಹಗುರಾಯಿತು. ಎಡವಟ್ಟು ಶುರುವಾದದ್ದು ಅಲ್ಲೇ ಇರಬೇಕು.

ಮೊದಲ ದಿನದ ಆಟ ಅಂಬಿಗನದು. ತಂದೆ ಹಿಸಾಜುರೊಗೆ ಹೆಸರು ತಂದುಕೊಟ್ಟ ಪಾತ್ರ. ಅಂಬಿಗನೊಬ್ಬ ಮುಸುಕು ಹಾಕಿದ ಯುವಕನನ್ನು ಹೊಳೆ ದಾಟಿಸಿ ಬರುತ್ತಾನೆ. ಆಚೆ ದಡದಲ್ಲಿ ಶತ್ರುಗಳು ಕಾದು ಕೂತಿದ್ದಾರೆ. ತಾನು ಸಾವಿನ ಕೈಗೆ ಒಪ್ಪಿಸಿ ಬಂದದ್ದು ತನ್ನ ಮಗನನ್ನೇ ಎಂದು ತಿಳಿದಾಗ ಅವನು ಪ್ರೇಕ್ಷಕರ ನಡುವೆ ಹಾಯುವ ಹೂದಾರಿಯ ಮೇಲೆ ಹೆಜ್ಜೆ ಹಾಕುತ್ತಿರುತ್ತಾನೆ. ನಿಲ್ಲುತ್ತಾನೆ. ಹುಟ್ಟು ಊರುತ್ತಾನೆ. ಕತ್ತು ಹೊರಳಿಸಿ ಹೊಳೆಯ ಕಡೆ ನೋಡುತ್ತಾನೆ. ರಂಗದ ಮೂಲೆಯಲ್ಲಿ ಮಂಡಿಯೂರಿದವನು ಮರದ ತುಂಡುಗಳಿಂದ ಹಲಗೆ ಬಡಿಯುತ್ತಾನೆ. ಆಗ ಮೇಲಿನಿಂದ ಕೂಗು ಬೀಳಬೇಕು. ತಂದೆ ಹಿಸಾಜುರೊ ಸಿಟ್ಟಿನಿಂದ ಸರಕ್ಕನೆ ತಿರುಗುತ್ತಿದ್ದರು, ಬೆನ್ನಿಗೆ ಕಲ್ಲು ಬಿದ್ದವರ ಹಾಗೆ. ಆ ಎಣಿಕೆ ತೊಕುಜಿಯ ರಕ್ತದಲ್ಲೇ ಇತ್ತು.

ಹುಟ್ಟು ಊರಿದ ಸದ್ದಾಯಿತು. ತೊಕುಜಿ ಉಸಿರು ತುಂಬಿಕೊಂಡ.

"ನಾಲ್ಕನೇ ತಲೆ!"

ಕೂಗು ಬಾಯಿಂದ ಹೊರಬಿದ್ದ ಮೇಲೆ ಅದು ಅವನ ಕಿವಿಗೂ ಬಿತ್ತು. ಸುಮಾರು ವರ್ಷಗಳಿಂದ ಅವನು ಅಷ್ಟು ಚೆನ್ನಾಗಿ ಕೂಗಿರಲಿಲ್ಲ. ಇಡೀ ಮಂದಿರ ಒಂದು ಕ್ಷಣ ಗಪ್‌ಚಿಪ್ಪಾಯಿತು. ಹೊಸ ಹೆಸರು ಹೊತ್ತವನ ಮೊದಲ ದಿನ, ಅವನ ಮೊದಲ ನಿಲುವಿಗೆ, ತೊಕುಜಿ ಸತ್ತವರನ್ನು ಕರೆದಿದ್ದ. ಕೆಳಗೆ ಒಂದಿಬ್ಬರು ನಕ್ಕರು. ಅಂಬಿಗ ಕದಲಲಿಲ್ಲ, ರೆಪ್ಪೆಯನ್ನೂ ಬಡಿಯಲಿಲ್ಲ. ಅವನು ಹೂದಾರಿಯ ತುದಿಗೆ ನಡೆದು ಪರದೆಯ ಹಿಂದೆ ಮರೆಯಾಗುವವರೆಗೂ ತೊಕುಜಿ ತನ್ನ ಮೊಣಕಾಲನ್ನೇ ನೋಡುತ್ತ ಕೂತ.

ಆಟ ಮುಗಿದ ಮೇಲೆ ಕೂಗುಗಾರರೆಲ್ಲ ಎಂದಿನಂತೆ ಪಕ್ಕದ ಅಂಗಡಿಯಲ್ಲಿ ಒಣಮೀನು ಹಾಕಿದ ಬಿಸಿ ನೂಡಲ್ಸ್ ತಿನ್ನಲು ಕೂತರು. ಗುಂಪಿನ ಮುಖಂಡ ಇವಾಮೊತೊ, ನಗರದ ಬಸ್ಸು ಓಡಿಸಿ ನಿವೃತ್ತನಾದವನು, ಬಟ್ಟಲಿನಿಂದ ತಲೆಯೆತ್ತದೆ ಹೇಳಿದ:

"ತೊಕು-ಸಾನ್, ನಿನ್ನೆ ಮೊನ್ನೆ ಬಂದೋನು ಹಿಂಗ್ ಮಾಡಿದ್ರೆ ಕಿವಿ ಹಿಂಡ್ತಿದ್ದೆ. ನಿನ್ನ ಕಿವಿ ನನ್ನ ಕಿವಿಗಿಂತ ಹಳೇದು. ಏನ್ ಮಾಡ್ಲಿ ಹೇಳು."

ತೊಕುಜಿ ನೂಡಲ್ಸನ್ನು ಅರ್ಧಕ್ಕೇ ಬಿಟ್ಟು ಎದ್ದ. ಮನೆಯಲ್ಲಿ ಕಿನುಎಗೆ ಸುದ್ದಿ ಆಗಲೇ ಮುಟ್ಟಿತ್ತು. ಅಂಥ ಊರು ಅದು. ಅವಳು ಅವನ ಮುಖ ನೋಡಿ, ಗಂಟಲಿಗೆಂದು ತಾನು ಪ್ರತಿವರ್ಷ ಕೊಂಡಿಡುತ್ತಿದ್ದ ಶುಂಠಿ ಪೆಪ್ಪರ್‌ಮಿಂಟಿನ ಡಬ್ಬಿಯನ್ನು ಸುಮ್ಮನೆ ಒಳಗಿಟ್ಟಳು.

ಬೈಗುಳ ತಿನ್ನಲು ತೊಕುಜಿ ತಯಾರಾಗಿದ್ದ. ಬಂದದ್ದು ಹೊಗಳಿಕೆ. ಮರುದಿನದಿಂದ ಗಿರಾಕಿಗಳು ಉಪ್ಪಿನಕಾಯಿಯ ನೆಪದಲ್ಲಿ ಬಂದು, ಎಂಥಾ ಕೂಗು ಯಜಮಾನ್ರೇ, ಅಪ್ಪನೇ ಮಗನ ಮೈಮೇಲೆ ಬಂದದ್ದನ್ನ ನೀವೊಬ್ಬರೇ ಕಂಡಿರಿ ಎಂದು ಹೇಳತೊಡಗಿದರು. ಯಾವುದೋ ಪತ್ರಿಕೆಯಲ್ಲೂ ಹಾಗೇ ಬಂತಂತೆ. ವಾರ ಕಳೆಯುವುದರೊಳಗೆ ಅದು ರಂಗವನ್ನೂ ಹತ್ತಿತು. ಹೆಸರು ಹೊತ್ತವನನ್ನು ನಡುವೆ ಕೂರಿಸಿಕೊಂಡು ನಟರೆಲ್ಲ ಸಾಲಾಗಿ ತಲೆಬಾಗಿ ನಾಲ್ಕು ಮಾತಾಡುವ ಪದ್ಧತಿಯಿದೆಯಲ್ಲ, ಅಲ್ಲಿ ಹಿರಿಯ ನಟರೊಬ್ಬರು, ಈ ಹುಡುಗ ಹೇಗೆ ಮಾಡ್ತಾನೋ ಎಂದು ಅವರಪ್ಪನೇ ಟಿಕೆಟ್ಟಿಲ್ಲದೆ ಮೇಲಟ್ಟಕ್ಕೆ ಬಂದು ಕೂತಿದ್ದಾನಂತೆ ಎಂದರು. ಜನ ಚಪ್ಪಾಳೆ ತಟ್ಟಿದರು. ಹೊಸ ಹಿಸಾಜುರೊ ಹಣೆ ನೆಲಕ್ಕೆ ಮುಟ್ಟಿಸಿ, ತಂದೆಯ ಮಳೆಯಂಗಿ ತೊಟ್ಟ ಮಗುವಿನ ಹಾಗೆ ನಾನು ಈ ಹೆಸರೊಳಗೆ ಎಡವುತ್ತಿದ್ದೇನೆ, ತಾವೆಲ್ಲ ಕೈಹಿಡಿಯಬೇಕು ಎಂದ. ಜನ ನಕ್ಕರು. ಮೇಲೆ ಕೂತ ತೊಕುಜಿಗೆ ನಗು ಬರಲಿಲ್ಲ. ಮೊದಲ ದಿನದಿಂದೀಚೆಗೆ ಅವನು ಮೇಲಟ್ಟಕ್ಕೆ ಬರುತ್ತಿದ್ದನೇ ಹೊರತು ಬಾಯಿ ತೆರೆದಿರಲಿಲ್ಲ.

ಸಂಜೆ ಅಂಗಡಿ ಬಾಗಿಲು ಹಾಕುವಾಗ ಕಿನುಎ ಕೇಳಿದಳು. ಊರೆಲ್ಲ ಹೊಗಳುವಾಗ ನಿಮ್ಮದೊಂದು ಯಾಕೆ ಸುಟ್ಟ ಮುಖ ಎಂದು.

"ಆ ಕೂಗು ಹೊಗಳಿದ್ದಲ್ಲ ಕಣೆ. ನಾನು ಕಣ್ಣು ಮುಚ್ಕೊಂಡಿದ್ದೆ."

"ನಿದ್ದೆನಾ?"

"ನಿದ್ದೆ ಆಗಿದ್ರೆ ವಾಸಿಯಿತ್ತು. ಅವರಪ್ಪನ್ನ ನೋಡ್ತಿದ್ದೆ. ಆ ಹುಡುಗ ಅಲ್ಲಿ ನಿಂತಿದ್ದ, ಅವನನ್ನ ನಾನು ನೋಡೇ ಇಲ್ಲ."

ಕಿನುಎ ಕದದ ಅಗಳಿ ಹಾಕಿದಳು. ಹಾಗಾದರೆ ಹೋಗಿ ಕ್ಷಮೆ ಕೇಳಿ ಎಂದಳು. ಬಣ್ಣದ ಕೋಣೆಗೆ ಹೋಗುವ ಹಾಗಿಲ್ಲ ಎಂದು ಅವನು ನೆನಪಿಸಿದ. ಹೋದರೂ, ನಾನು ನಿನ್ನನ್ನು ನೋಡಲಿಲ್ಲ ಎಂದು ಹೆಸರು ಹೊತ್ತ ತಿಂಗಳಲ್ಲಿ ಒಬ್ಬ ನಟನಿಗೆ ಹೇಳುವುದುಂಟೇ? ಸುಳ್ಳು ಹೊಗಳಿಕೆಯಲ್ಲಾದರೂ ಅವನಿಗೊಂದು ಆಸರೆಯಿತ್ತು.

ಮರುದಿನ ತೊಕುಜಿ ತನ್ನ ಪಾಸನ್ನು ಇವಾಮೊತೊನ ಕೈಗಿಟ್ಟ. ನೋಡದೆ ಕೂಗುವವನಿಗೆ ಇದು ಯಾಕೆ ಎಂದ. ಇವಾಮೊತೊ ಅದನ್ನು ಒಮ್ಮೆ ತಿರುಗಿಸಿ ನೋಡಿದ. ಕೋಟಿನ ಒಳಜೇಬಿಗೆ ಹಾಕಿಕೊಂಡ.

ಹೀಗೆ ತೊಕುಜಿ ಎಷ್ಟೋ ವರ್ಷಗಳ ಮೇಲೆ ಡಿಸೆಂಬರಿನ ಮಧ್ಯಾಹ್ನ ಅಂಗಡಿಯಲ್ಲಿ ಉಳಿದ. ಅದರಿಂದ ಅಂಗಡಿಗೇನೂ ಉಪಕಾರವಾಗಲಿಲ್ಲ. ಕತ್ಸುಮಿ ಹಲಗೆಗೆ ಕೂರಿಸಿದ ಅಗಲ ಅಲಗಿನ ಮೇಲೆ ಗಡ್ಡೆಯನ್ನು ಒತ್ತಿ ಎಳೆಯುತ್ತಿದ್ದ. ಬೆಳಕು ಹಾಯುವಷ್ಟು ತೆಳ್ಳಗೆ ಬಿಲ್ಲೆಗಳು ಬೀಳುತ್ತಿದ್ದವು. ತೊಕುಜಿ ಅವನ ಬೆನ್ನ ಹಿಂದೆ ನಿಂತು, ಹೂಂ, ಈಗ ಗಡ್ಡೆ ತಿರುಗಿಸು, ಈಗ ಉಪ್ಪು, ಈಗ ಕಡಲಸೊಪ್ಪು ಎನ್ನುತ್ತಿದ್ದ. ಮಗ ಮಾತಾಡದೆ ತಿರುಗಿಸುತ್ತಿದ್ದ, ಉಪ್ಪು ಹಾಕುತ್ತಿದ್ದ. ಎರಡು ದಿನ ನೋಡಿ ಮೂರನೆಯ ದಿನ ಕಿನುಎ ಬಾಯಿಬಿಟ್ಟಳು.

"ಅವನ ಕೈ ತಿರುಗೋಕೆ ಮೊದ್ಲೇ ನಿಮ್ಮ ಬಾಯಿ ತಿರುಗುತ್ತೆ. ಅವನಿಗೂ ಗೊತ್ತಾಗ್ಲಿ ಬಿಡಿ, ಎಲ್ಲಿ ತಿರುಗಿಸ್ಬೇಕು ಅಂತ."

"ಗೊತ್ತಮ್ಮ," ಎಂದ ಕತ್ಸುಮಿ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನಾನಾದ್ರೆ ಇನ್ನೊಂದು ಎಳೆತ ಆದ ಮೇಲೆ ತಿರುಗಿಸ್ತೀನಿ. ಆದ್ರೆ ಅಪ್ಪ ಅಂದ ಮೇಲೂ ತಿರುಗಿಸ್ದೇ ಇದ್ರೆ, ನಾನೇ ಮರೆತೆ ಅನ್ನೋ ಹಾಗೆ ಕಾಣುತ್ತಲ್ಲ."

 ಮಗನ ಮಾತು ತೊಕುಜಿಯ ಕಿವಿಯಲ್ಲಿ ಗಡ್ಡೆಯ ಬುಟ್ಟಿಯನ್ನು ಬಿಟ್ಟು ಹೂದಾರಿಯ ಮೇಲೆ ಹೋಗಿ ಬಿತ್ತು. ಮಫ್ಲರ್ ಸುತ್ತಿಕೊಂಡು ಹೊರಟ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಅಂದು ಅವನು ಟಿಕೆಟ್ಟು ಕೊಂಡು ಒಳಹೊಕ್ಕ. ಕೂಗುಗಾರರ ಸಾಲಿನಿಂದ ದೂರ, ಹೂದಾರಿ ಚೆನ್ನಾಗಿ ಕಾಣುವ ಮೂಲೆಯಲ್ಲಿ ಕೂತ. ಅಂಬಿಗ ಹೂದಾರಿಗೆ ಬಂದಾಗ ಕಣ್ಣು ಕೀಳದೆ ನೋಡಿದ. ಹುಟ್ಟು ಊರಿದ್ದಾಯಿತು. ಅಂಬಿಗನ ಬೆರಳುಗಳು ಹುಟ್ಟಿನ ಮೇಲೆ ಬಿಗಿದವು. ಕತ್ತು ಹೊರಳಲಿಲ್ಲ. ಹೊರಳಲು ಮನಸ್ಸಿಲ್ಲದವನ ಹಾಗೆ, ನೋಡಿಬಿಟ್ಟರೆ ನಿಜವಾಗಿಬಿಡುತ್ತದೆ ಎಂದು ಹೆದರಿದವನ ಹಾಗೆ, ಅವನು ಎದುರಿಗಿದ್ದ ಗಾಳಿಯನ್ನೇ ನೋಡುತ್ತಿದ್ದ. ಇನ್ನೂ ಒಂದು ಉಸಿರು ಹಾಗೇ ನಿಲ್ಲುತ್ತಿದ್ದನೇನೋ. ಅಷ್ಟರಲ್ಲಿ ಮೇಲಿನಿಂದ "ಐದನೇ ತಲೆ!" ಎಂದು ಇವಾಮೊತೊನ ದನಿ ಬಿತ್ತು, ಹಳೆಯ ಹಿಸಾಜುರೊ ಅವರ ಎಣಿಕೆಗೆ ಕೂದಲೆಳೆಯಷ್ಟೂ ತಪ್ಪದೆ. ಭುಜ ಹಿಡಿದು ದೂಡಿದಂತೆ ಅಂಬಿಗನ ಕತ್ತು ಸರಕ್ಕನೆ ತಿರುಗಿತು. ಹಲಗೆ ಬಡಿಯುವವನು ಗಡಿಬಿಡಿಯಲ್ಲಿ ಬಡಿದ. ಜನ ಚಪ್ಪಾಳೆ ತಟ್ಟಿದರು. ನಿಲುವು ಅಪ್ಪನದೇ, ಥೇಟು ಅಪ್ಪನದೇ.

ತಂದೆಯದು ಸಿಟ್ಟಾದ ಅಂಬಿಗ, ಇವನದು ಹೆದರಿದ ಅಂಬಿಗ. ಆ ಹೆದರಿದ ಅಂಬಿಗನನ್ನು ದಿನವೂ ಹುಟ್ಟುವ ಮೊದಲೇ ತಾವೆಲ್ಲ ಸೇರಿ ಕೊಲ್ಲುತ್ತಿದ್ದೇವೆ ಎಂದು ತೊಕುಜಿಗೆ ತಿಳಿಯಿತು. ಹೆಸರು ತಪ್ಪಿದ್ದು ಬರೀ ಬಾಯಿತಪ್ಪು. ಸರಿಯಾದ ಹೆಸರನ್ನು ಅಪ್ಪನ ಎಣಿಕೆಗೆ ಕೂಗುವುದು ಅದಕ್ಕಿಂತ ದೊಡ್ಡ ತಪ್ಪು, ಮತ್ತು ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ.

ಆಟ ಬಿಟ್ಟ ಮೇಲೆ ಅವನು ಇವಾಮೊತೊನನ್ನು ಸೇತುವೆಯ ಮೇಲೆ ಹಿಡಿದ. ಬೆಟ್ಟದ ಕಡೆಯಿಂದ ಬರುವ ಗಾಳಿ ಮೂಳೆ ಕೊರೆಯುತ್ತಿತ್ತು. ತಾನು ಕಂಡದ್ದನ್ನು ಹೇಳಿದ. ಕಡೆಯ ದಿನವಾದರೂ ಹುಡುಗನಿಗೆ ಅವನ ಉಸಿರು ಬಿಟ್ಟುಕೊಡಿ ಎಂದ. ಇವಾಮೊತೊ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

"ಅವನು ಕಾಯ್ತಾ ಇದ್ದಾನೆ ಅಂತ ನಿನಗೆ ಅನ್ಸಿದ್ದು. ಹಾಗಿಲ್ಲದಿದ್ರೆ? ಹೆಸರು ಹೊತ್ತ ವರ್ಷ, ಕಡೇ ದಿನ, ನಿಲುವಿಗೆ ಮೇಲಿಂದ ಕೂಗೇ ಬೀಳ್ಲಿಲ್ಲ ಅಂದ್ರೆ ಊರು ಏನನ್ನುತ್ತೆ? ಕೂಗುಗಾರರು ಅವನನ್ನ ಒಪ್ಪಲಿಲ್ಲ ಅನ್ನುತ್ತೆ. ಆ ಹಣೆಪಟ್ಟಿ ಸಾಯೋತನಕ ಹೋಗಲ್ಲ."

ಆ ಮಾತು ಸುಳ್ಳಲ್ಲವೆಂದು ತೊಕುಜಿಗೆ ಗೊತ್ತಿತ್ತು. ಅಂಥದ್ದು ಒಬ್ಬ ನಟನಿಗೆ ಆದದ್ದನ್ನು ಇಬ್ಬರೂ ನೋಡಿದ್ದರು.

"ಕೂಗ್ಬೇಡಿ ಅನ್ನಲ್ಲ. ಕಾಯಿರಿ ಅಂತೀನಿ."

"ಎಲ್ಲೀವರೆಗೆ?"

"ಅವನ ಕತ್ತು ನೋಡು. ಅದೇ ಹೇಳುತ್ತೆ."

"ಜೀವಮಾನವೆಲ್ಲ ಬಸ್ಸು ಓಡಿಸಿದೋನು ನಾನು. ಹೊತ್ತಿಗೆ ಸರಿಯಾಗಿ ಹೊರಡೋದು ಬಿಟ್ರೆ ನಂಗೆ ಇನ್ನೇನೂ ಬರಲ್ಲ."

"ಓಡಿ ಬರ್ತಿರೋ ಮುದುಕೀನ ಕನ್ನಡಿಯಲ್ಲಿ ನೋಡಿ ಒಂದು ದಿನಾನೂ ಬಸ್ಸು ನಿಲ್ಲಿಸ್ಲಿಲ್ವಾ?"

ಇವಾಮೊತೊ ಸೇತುವೆಯ ಕಟಕಟೆಗೆ ಒರಗಿದ. ನದಿಯ ನೀರಿನಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದ ಕೊಕ್ಕರೆಯನ್ನು ನೋಡಿ, ಚಳಿಯಾಗುತ್ತೆ ಹೋಗು ಎಂದು ನಡೆದುಬಿಟ್ಟ.

ಕಡೆಯ ದಿನಕ್ಕೆ ಕಿನುಎ ಟಿಕೆಟ್ಟು ತಂದಿದ್ದಳು. ಮೇಲಟ್ಟದ್ದಲ್ಲ, ನೆಲದ ಮೇಲಿನದು, ಹೂದಾರಿಯ ಮಗ್ಗುಲಿನದು. ಇಷ್ಟು ವರ್ಷ ನೀವು ಬೊಬ್ಬೆ ಹೊಡೆಯೋದು ಎಲ್ಲಿ ಬೀಳುತ್ತೆ ಅಂತ ನಾನೂ ನೋಡ್ಬೇಡ್ವೆ ಎಂದಳು. ಮದುವೆಗಳಿಗೆ ಮಾತ್ರ ತೆಗೆಯುವ ನೇರಳೆ ಕಿಮೊನೊ ಉಟ್ಟು, ಅನ್ನದ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟಳು. ಅಂಗಡಿಯನ್ನು ಕತ್ಸುಮಿಗೆ ಬಿಟ್ಟರು. ಬಾಗಿಲು ದಾಟುವಾಗ ತೊಕುಜಿ ಗಡ್ಡೆಯ ಬುಟ್ಟಿಯ ಕಡೆ ತಿರುಗಿ ಏನೋ ಹೇಳಹೊರಟ. ಕಿನುಎ ಅವನ ತೋಳು ಹಿಡಿದು ಎಳೆದಳು.

ಕೆಳಗೆ ಕೂತರೆ ಲೋಕವೇ ಬೇರೆಯಾಗಿತ್ತು. ಬಣ್ಣದ ವಾಸನೆ, ಬಟ್ಟೆಯ ಸರಬರ, ನಟರ ಬೆವರು. ಮೇಲಿನಿಂದ ಸಲೀಸಾಗಿ ಕಾಣುತ್ತಿದ್ದದ್ದು ಇಲ್ಲಿ ದುಡಿಮೆಯಾಗಿ ಕಾಣುತ್ತಿತ್ತು. ಹೂದಾರಿಯ ಮೇಲೆ ಅಂಬಿಗ ಬಂದಾಗ ಅವನ ಬರಿಗಾಲು ತೊಕುಜಿಯ ಕಣ್ಣಿನ ಮಟ್ಟಕ್ಕಿತ್ತು. ಹಿಮ್ಮಡಿ ಒಡೆದಿತ್ತು. ಬಣ್ಣದ ಕೆಳಗೆ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು. ಈ ಹುಡುಗನ ಮುಖವನ್ನು ತೊಕುಜಿ ಮೊದಲ ಸಲ ಹತ್ತಿರದಿಂದ ನೋಡಿದ. ತಂದೆಯ ಮೂಗು ಅದಲ್ಲ. ತಾಯಿಯದಿರಬೇಕು.

ಅಂಬಿಗ ಹುಟ್ಟು ಊರಿದ.

ಹಳೆಯ ಎಣಿಕೆ ತೊಕುಜಿಯ ಎದೆಯಲ್ಲಿ ತಾನಾಗಿ ಎದ್ದಿತು, ಬಾಯಿ ತಾನಾಗಿ ತೆರೆಯಿತು. ನೆಲದ ಮೇಲೆ ಕೂತವರು ಕೂಗುವ ಪದ್ಧತಿಯಿಲ್ಲ. ಅದೂ ಅವನಿಗೆ ಆ ಕ್ಷಣ ನೆನಪಿರಲಿಲ್ಲ. ಕಿನುಎ ರಂಗದಿಂದ ಕಣ್ಣು ತೆಗೆಯದೆ, ಮಗುವಿಗೆ ತುತ್ತಿಡುವಂತೆ, ಆ ತೆರೆದ ಬಾಯಿಗೆ ಒಂದು ಶುಂಠಿ ಪೆಪ್ಪರ್‌ಮಿಂಟು ಹಾಕಿದಳು. ಅವನು ಬಾಯಿ ಮುಚ್ಚಿದ.

ಮೇಲಿನಿಂದ ಕೂಗು ಬೀಳಲಿಲ್ಲ.

ಅಂಬಿಗನ ಕಣ್ಣು ಒಂದು ಸಲ, ಒಂದೇ ಸಲ, ಮೇಲಟ್ಟದ ಕಡೆ ಹೋಗಿ ಬಂತು. ದಿನವೂ ಬರುತ್ತಿದ್ದದ್ದು ಇಂದು ಬರಲಿಲ್ಲವೆಂಬ ಗಾಬರಿ ಅದರಲ್ಲಿತ್ತು. ತೊಕುಜಿಯ ಕೈ ಕಿನುಎಯ ಮಣಿಕಟ್ಟನ್ನು ಹಿಡಿದುಕೊಂಡಿತು. ತಾನು ಕಂಡದ್ದು ತಪ್ಪಾಗಿದ್ದರೆ ಈ ಹುಡುಗ ಈಗ ಕೆಡುತ್ತಾನೆ, ಕೆಡಿಸಿದವನು ತಾನೇ. ಮಂದಿರದಲ್ಲಿ ಯಾರೋ ಕೆಮ್ಮಿದರು. ಆಮೇಲೆ ಅಂಬಿಗನ ಭುಜ ಸ್ವಲ್ಪ ಇಳಿಯಿತು. ಹಿಡಿದಿಟ್ಟಿದ್ದ ಉಸಿರನ್ನು ಅವನು ಬಿಟ್ಟ. ಯಾರೂ ದೂಡುತ್ತಿಲ್ಲವೆಂದು ತಿಳಿದವನ ಹಾಗೆ ಅವನು ಅಲ್ಲಿಯೇ ನಿಂತ, ಎದುರಿನ ಗಾಳಿಯನ್ನು ನೋಡುತ್ತ, ಬೆನ್ನ ಹಿಂದಿನ ಹೊಳೆಯನ್ನು ನೋಡಲಾರದೆ. ಕೆಮ್ಮು ನಿಂತಿತು. ಮೂಲೆಯಲ್ಲಿ ಮರದ ತುಂಡುಗಳನ್ನು ಎತ್ತಿದವನು ಎತ್ತಿಯೇ ಇದ್ದ. ನಂತರ ಅಂಬಿಗನ ಗಲ್ಲ ಮೆಲ್ಲಗೆ, ಯಾರೋ ದಾರ ಕಟ್ಟಿ ಎಳೆಯುತ್ತಿರುವಂತೆ, ಹೊಳೆಯ ಕಡೆ ಹೊರಳಿತು. ಕಣ್ಣು ಎಲ್ಲಕ್ಕಿಂತ ಕಡೆಗೆ ತಿರುಗಿತು. ನೋಡಿಬಿಟ್ಟ.

ಹಲಗೆಯ ಮೇಲೆ ಬಡಿತ ಬಿತ್ತು.

"ಐದನೇ ತಲೆ!"

ಇವಾಮೊತೊನ ದನಿ. ಅದರ ಹಿಂದೆಯೇ ಉಳಿದವರೆಲ್ಲ "ಇಸೊಯಾ! ಇಸೊಯಾ!" ಎಂದರು. ಆ ಕೂಗು ತಲೆಯ ಮೇಲಿನಿಂದ ಹಾದು ಅಂಬಿಗನ ಮೈಮೇಲೆ ಶಾಲಿನಂತೆ ಬಿದ್ದದ್ದನ್ನು ತೊಕುಜಿ ಕೆಳಗಿನಿಂದ ಕಂಡ. ಚಪ್ಪಾಳೆ ಕೂಡಲೇ ಬರಲಿಲ್ಲ. ಬಂದ ಮೇಲೆ ನಿಲ್ಲಲಿಲ್ಲ. ಪಕ್ಕದ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ, ಅವರಪ್ಪ ಹೀಗೆ ಮಾಡ್ತಿರ್ಲಿಲ್ಲ ಅಲ್ವಾ ಎಂದು ಯಾರನ್ನೋ ಕೇಳುತ್ತಿದ್ದಳು. ಅದು ಮೆಚ್ಚುಗೆಯೋ ದೂರೋ ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಹೊರಗೆ ಹೆಸರಿನ ಹಲಗೆಗಳ ಕೆಳಗೆ ಇವಾಮೊತೊ ಕಾದಿದ್ದ. ಅವನ ಮುಖದಲ್ಲಿ ಬೆವರಿತ್ತು, ಆ ಚಳಿಯಲ್ಲಿ.

"ಮುದುಕಿ ಬಂದು ಬಸ್ಸು ಹತ್ತಿದಳು," ಎಂದ. "ಅಷ್ಟೊತ್ತಿಗೆ ನನ್ನ ಜೀವ ಬಾಯಿಗೆ ಬಂದಿತ್ತು." ಕೋಟಿನ ಒಳಜೇಬಿನಿಂದ ಪಾಸು ತೆಗೆದು ಮುಂದೆ ಹಿಡಿದ.

ತೊಕುಜಿ ಅದನ್ನು ನೋಡಿದ, ತೆಗೆದುಕೊಳ್ಳಲಿಲ್ಲ. ಮುಂದಿನ ಡಿಸೆಂಬರಿಗೆ ನೋಡೋಣ, ಅಲ್ಲಿಯವರೆಗೆ ನಿನ್ನ ಹತ್ತಿರವೇ ಇರಲಿ ಎಂದ. ಕೂಗುವ ಮೊದಲು ಆ ಹುಡುಗನನ್ನು ಅವನು ಇನ್ನೂ ಸ್ವಲ್ಪ ನೋಡುವುದಿತ್ತು.

ಗಂಡ ಹೆಂಡತಿ ಸೇತುವೆ ದಾಟಿ ಬಂದರು. ಅಂಗಡಿಯಲ್ಲಿ ಕತ್ಸುಮಿ ದಿನದ ಕಡೆಯ ಗಡ್ಡೆಗಳನ್ನು ಹೆಚ್ಚುತ್ತಿದ್ದ. ತೊಕುಜಿ ಮಫ್ಲರ್ ಬಿಚ್ಚುತ್ತ ಅವನ ಹಿಂದೆ ಹೋಗಿ ನಿಂತ. ಗಡ್ಡೆ ಅಲಗಿನ ಮೇಲೆ ಹೋಗಿ ಬಂತು, ಹೋಗಿ ಬಂತು. ತಿರುಗಿಸುವ ಹೊತ್ತು ಬಂತು ಎಂದು ತೊಕುಜಿಯ ಬಾಯಿ ತೆರೆಯಿತು. ಕಿನುಎ ಗಲ್ಲಾದ ಮುಂದೆ ಕೂತು ಆ ದಿನದ ವ್ಯಾಪಾರ ನೋಡುತ್ತಿದ್ದಳು. ತಲೆಯೆತ್ತದೆಯೇ ಪೆಪ್ಪರ್‌ಮಿಂಟಿನ ಡಬ್ಬಿಯನ್ನು ಅವನ ಕಡೆ ಸರಿಸಿದಳು.

ತೊಕುಜಿ ಒಂದನ್ನು ಬಾಯಿಗೆ ಹಾಕಿಕೊಂಡ. ಮಗ ಇನ್ನೊಂದು ಸಲ ಎಳೆದು, ಆಮೇಲೆ ತಿರುಗಿಸಿದ.